ಹೆಪ್ಪುಗಟ್ಟುವ ನೆತ್ತರು: ಬೆನ್ನಿನ ಶಸ್ತ್ರಕ್ರಿಯೆ ಮತ್ತು ಒಂದು ಔಷಧದ ಇತಿಹಾಸ

ಹಾಲು ಹೆಪ್ಪುಗಟ್ಟಿದರೆ ಮೊಸರಾಗುತ್ತದೆ; ಅದರಿಂದ ಯಾರಿಗೂ ಕೇಡಿಲ್ಲ. ನೆತ್ತರು ಹೆಪ್ಪುಗಟ್ಟುವ ವಿಚಾರ ಹಾಗಲ್ಲ. ಮೆಟ್ಟುಕತ್ತಿಗೆ ಬೆರಳು ತಾಗಿದಾಗ ಗಾಯದ ಬಾಯಿ ಮುಚ್ಚಿ ಪ್ರಾಣ ಉಳಿಸುವುದು ಹೆಪ್ಪು. ಅದೇ ಹೆಪ್ಪು ಕಾಲಿನ ಆಳದ ರಕ್ತನಾಳದಲ್ಲಿ ಕಟ್ಟಿಕೊಂಡು, ಅಲ್ಲಿಂದ ಕಳಚಿ, ಪ್ರವಾಹದೊಡನೆ ಸಾಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ, ನಿನ್ನೆಯವರೆಗೆ ಚೇತರಿಸಿಕೊಳ್ಳುತ್ತಿದ್ದ ರೋಗಿ ಇಂದು ನಿಮಿಷಗಳಲ್ಲಿ ಕುಸಿಯುವುದುಂಟು. ಹೆಪ್ಪು ಕಟ್ಟದಿದ್ದರೂ ಕಷ್ಟ, ಕಟ್ಟಬಾರದಲ್ಲಿ ಕಟ್ಟಿದರೂ ಕಷ್ಟ. ಈ ಎರಡರ ನಡುವೆ ವೈದ್ಯಶಾಸ್ತ್ರ ದಾರಿ ಹುಡುಕಿದ ಕಥೆ ನೂರು ವರ್ಷಕ್ಕೂ ಮೀರಿದ್ದು.

ಸಾಂತಾಕ್ರೂಜ್ ಪರಿಸರದ ನಮ್ಮ ಬಂಧುಗಳಿಗೆ ಈ ವಿಷಯ ದೂರದ್ದಲ್ಲ. ವಕೋಲಾ, ಕಲೀನಾ, ಖಾರ್ ಭಾಗಗಳಲ್ಲಿ ನೆಲೆಸಿದ ನಮ್ಮವರಲ್ಲಿ ಹೋಟೆಲಿನ ದುಡಿಮೆಯಲ್ಲೇ ಆಯುಷ್ಯ ಸವೆಸಿದವರು ಅನೇಕರು. ಹಿಟ್ಟಿನ ಪಾತ್ರೆ ಎತ್ತಿ, ಕಾವಲಿಯ ಮುಂದೆ ನಿಂತು, ಇಲ್ಲವೇ ಗಲ್ಲಾಪೆಟ್ಟಿಗೆಯ ಹಿಂದೆ ದಿನವಿಡೀ ಕುಳಿತು, ಮೇಲಿಂದ ಲೋಕಲ್ ಗಾಡಿಯ ನೂಕುನುಗ್ಗಲನ್ನೂ ತಾಳಿದ ಸೊಂಟ ಒಂದು ದಿನ ಮುಷ್ಕರ ಹೂಡುತ್ತದೆ. ಮದ್ದು, ವ್ಯಾಯಾಮ ಯಾವುದಕ್ಕೂ ಬಗ್ಗದಿದ್ದಾಗ ಕೆಲವರಿಗೆ ಶಸ್ತ್ರಕ್ರಿಯೆಯಾಗುತ್ತದೆ. ಆಮೇಲೆ ನೋಡಲು ಬಂದ ನೆಂಟರಿಷ್ಟರಲ್ಲಿ ಚರ್ಚೆ ಹುಟ್ಟುತ್ತದೆ: "ನಮ್ಮ ಭಾವನಿಗೆ ದಿನಾ ಹೊಟ್ಟೆಗೆ ರಕ್ತ ತೆಳುವಾಗುವ ಇಂಜೆಕ್ಷನ್ ಕೊಟ್ಟಿದ್ದರು. ಇವರಿಗೇಕೆ ಬರಿಯ ಕಾಲುಚೀಲ ತೊಡಿಸಿ ಬಿಟ್ಟಿದ್ದಾರೆ?" ಯಾವ ಡಾಕ್ಟರು ಸರಿ, ಯಾವ ಡಾಕ್ಟರು ತಪ್ಪು? ಇಬ್ಬರೂ ಸರಿಯಿರಬಹುದು. ಅದು ಹೇಗೆಂದು ತಿಳಿಯಲು ಈ ಔಷಧದ ಇತಿಹಾಸವನ್ನು ಸ್ವಲ್ಪ ನೋಡಬೇಕು.

ಮಲೆನಾಡಿನಲ್ಲೂ ಘಟ್ಟದ ಬುಡದಲ್ಲೂ ಮಳೆಗಾಲ ಕಳೆದವರಿಗೆ ಇಂಬಳದ ಪರಿಚಯ ಇದ್ದೇ ಇದೆ. ಅದನ್ನು ಕಿತ್ತೆಸೆದ ಮೇಲೂ ಕಚ್ಚಿದ ಜಾಗದಿಂದ ನೆತ್ತರು ಜಿನುಗುತ್ತಲೇ ಇರುತ್ತದೆ. ಜಿಗಣೆಯ ಬಾಯಲ್ಲಿ ರಕ್ತವನ್ನು ಹೆಪ್ಪುಗಟ್ಟಗೊಡದ ದ್ರವ್ಯವೊಂದಿದೆಯೆಂದು 1884ರಲ್ಲಿ ತೋರಿಸಿಕೊಟ್ಟವನು ಜಾನ್ ಹೇಕ್ರಾಫ್ಟ್. ಮುಂದೆ 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕಹೊರಟು, ಅದಕ್ಕೆ ತೀರ ವಿರುದ್ಧವಾದ ಗುಣವುಳ್ಳದ್ದನ್ನು ಕಂಡನು. ಅವನ ಗುರು ವಿಲಿಯಂ ಹೋವೆಲ್ ಈ ಶೋಧವನ್ನು ಮುಂದುವರಿಸಿ, ಯಕೃತ್ತಿಗೆ ಗ್ರೀಕ್ ಭಾಷೆಯಲ್ಲಿರುವ ಹೆಸರಿನಿಂದ 'ಹೆಪಾರಿನ್' ಎಂಬ ಪದವನ್ನು ಟಂಕಿಸಿದನು. 1930ರ ದಶಕದಲ್ಲಿ ಕೆನಡದ ಟೊರಾಂಟೊ ಮತ್ತು ಸ್ವೀಡನ್ನಿನ ಸ್ಟಾಕ್‌ಹೋಮ್ ನಗರಗಳಲ್ಲಿ ಅದನ್ನು ಶುದ್ಧಗೊಳಿಸಿ ಮನುಷ್ಯರಿಗೆ ಕೊಡಲು ಸಾಧ್ಯವಾಯಿತು.

ಎರಡನೆಯ ಔಷಧ ಬಂದದ್ದು ದನದ ಕೊಟ್ಟಿಗೆಯಿಂದ. 1920ರ ದಶಕದಲ್ಲಿ ಕೆನಡ ಮತ್ತು ಉತ್ತರ ಅಮೆರಿಕದ ಬಯಲುಗಳಲ್ಲಿ ಬೂಷ್ಟು ಹಿಡಿದ ಒಣಮೇವು ತಿಂದ ದನಗಳು ಸಣ್ಣ ಗಾಯಕ್ಕೂ ನೆತ್ತರು ನಿಲ್ಲದೆ ಸಾಯತೊಡಗಿದವು. 1933ರ ಫೆಬ್ರವರಿಯಲ್ಲಿ ರೈತನೊಬ್ಬ ಹಿಮದ ಬಿರುಗಾಳಿಯಲ್ಲೇ ಸತ್ತ ಕಡಸನ್ನೂ, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ನೆತ್ತರನ್ನೂ ಹೇರಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದನು. ಅಲ್ಲಿನ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಆರು ವರ್ಷ ಶ್ರಮಿಸಿ ಆ ಮೇವಿನಲ್ಲಿದ್ದ ವಿಷವನ್ನು ಬೇರ್ಪಡಿಸಿದರು. ಅದರ ಸಂಬಂಧಿಯಾದ 'ವಾರ್ಫರಿನ್' 1948ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಇಲಿಪಾಷಾಣವಾಗಿ! ಇಲಿಯ ಉಪಟಳವನ್ನು ಮುಂಬಯಿಯವರಿಗೆ ಯಾರೂ ವರ್ಣಿಸಿ ಹೇಳಬೇಕಾಗಿಲ್ಲ. 1954ರಲ್ಲಿ ಅದೇ ಪಾಷಾಣ ಮನುಷ್ಯರ ಔಷಧವಾಗಿ ಮಾನ್ಯತೆ ಪಡೆಯಿತು. ಮರುವರ್ಷ ಹೃದಯಾಘಾತಕ್ಕೆ ಒಳಗಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ಅದನ್ನು ಕೊಡಲಾಯಿತು. ವಿಷಕ್ಕೂ ಮದ್ದಿಗೂ ಇರುವ ಅಂತರ ಪ್ರಮಾಣದಲ್ಲಿದೆ ಎಂಬ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಇನ್ನು ಶಸ್ತ್ರಕ್ರಿಯೆಯ ಕಡೆಗೆ ಬರೋಣ. ರಕ್ತದ ಹರಿವು ಮಂದವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತದ ಗುಣವೇ ಬದಲಾಗುವುದು, ಈ ಮೂರು ಕೂಡಿದರೆ ನಾಳದೊಳಗೆ ಹೆಪ್ಪು ಕಟ್ಟುತ್ತದೆ. ಜರ್ಮನಿಯ ರುಡೋಲ್ಫ್ ವಿರ್ಕೋ 1856ರಲ್ಲಿ ಪ್ರಕಟಿಸಿದ ಬರಹಗಳಿಂದ ಬೆಳೆದುಬಂದ ತತ್ತ್ವವಿದು. ಶಸ್ತ್ರಕ್ರಿಯೆಯಾದವನಲ್ಲಿ ಮೂರೂ ಒಟ್ಟಿಗೆ ಸೇರುತ್ತವೆ. ವಾರಗಟ್ಟಲೆ ಅಲುಗದಂತೆ ಮಲಗಿಸುವುದೇ ಆರೈಕೆಯೆಂದು ಭಾವಿಸಿದ್ದ ಕಾಲದಲ್ಲಂತೂ, ಗಾಯ ಮಾಗಿ ಇನ್ನೇನು ಮನೆಗೆ ಹೊರಟ ಎನ್ನುವಾಗ ರೋಗಿ ತೀರಿಕೊಳ್ಳುವುದು ಶಸ್ತ್ರವೈದ್ಯರನ್ನು ಕಾಡುತ್ತಿದ್ದ ದುಃಸ್ವಪ್ನವಾಗಿತ್ತು.

ಈ ಕ್ಷೇತ್ರದಲ್ಲಿ ದೊಡ್ಡ ಹೆಜ್ಜೆಯಿಟ್ಟವರು ಭಾರತೀಯ ಮೂಲದವರೇ ಆದ ಡಾ. ವಿಜಯ್ ಕಕ್ಕರ್ ಎಂಬುದು ನಮಗೆ ಅಭಿಮಾನದ ಸಂಗತಿ. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿದ್ದ ಅವರ ನೇತೃತ್ವದಲ್ಲಿ ಹಲವು ಆಸ್ಪತ್ರೆಗಳು ಕೂಡಿ ನಡೆಸಿದ ಪ್ರಯೋಗದ ಫಲ 1975ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ದೊಡ್ಡ ಶಸ್ತ್ರಕ್ರಿಯೆಗೆ ಒಳಗಾದ, ನಲವತ್ತು ದಾಟಿದ 4,121 ರೋಗಿಗಳು ಅದರಲ್ಲಿದ್ದರು. ಸುಮಾರು ಅರ್ಧದಷ್ಟು ಜನರಿಗೆ ಅಲ್ಪ ಪ್ರಮಾಣದ ಹೆಪಾರಿನ್, ಉಳಿದವರಿಗೆ ಇಲ್ಲ. ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿ ಸತ್ತವರು ಔಷಧವಿಲ್ಲದ ಗುಂಪಿನಲ್ಲಿ 16, ಔಷಧ ಪಡೆದ ಗುಂಪಿನಲ್ಲಿ 2. ಇದನ್ನು ಕಂಡು ಜಗತ್ತಿನ ಆಸ್ಪತ್ರೆಗಳು ಎಚ್ಚೆತ್ತವು. ಕಕ್ಕರ್ ಲಂಡನ್ನಿನಲ್ಲಿ ಸ್ಥಾಪಿಸಿದ ಥ್ರಾಂಬೋಸಿಸ್ ಸಂಶೋಧನ ಸಂಸ್ಥೆಯ ಭಾರತೀಯ ಶಾಖೆ ಮುಂದೆ ಬೆಂಗಳೂರಿನ ನಾರಾಯಣ ಹೃದಯಾಲಯದ ಆವರಣದಲ್ಲಿ ತಲೆಯೆತ್ತಿತು.

ಆದರೆ ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಶಸ್ತ್ರಕ್ರಿಯೆಯ ಗಾಯದೊಳಗೆ ರಕ್ತ ಶೇಖರವಾದವರು ಔಷಧವಿಲ್ಲದವರಲ್ಲಿ 117, ಔಷಧ ಪಡೆದವರಲ್ಲಿ 158. ಹದಿನಾಲ್ಕು ಪ್ರಾಣ ಉಳಿಯುವಾಗ ಗಾಯದಲ್ಲಿ ಒಂದಿಷ್ಟು ನೆತ್ತರು ನಿಂತರೆ ಏನಾಯಿತು ಎಂದು ಕೇಳಬಹುದು. ಹೊಟ್ಟೆಯ ಗಾಯವಾದರೆ ಆ ಪ್ರಶ್ನೆ ಸರಿಯೇ. ಬೆನ್ನಿನ ಗಾಯವಾದರೆ?

ಜಾರಿದ ಡಿಸ್ಕ್ ನರವನ್ನು ಒತ್ತುವುದರಿಂದ ಕಾಲಿಗಿಳಿಯುವ ನೋವು ಬರುತ್ತದೆಂದೂ, ಶಸ್ತ್ರಕ್ರಿಯೆಯಿಂದ ಅದನ್ನು ನೀಗಬಹುದೆಂದೂ ಬೋಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬಿಬ್ಬರು 1934ರಲ್ಲಿ ಸಾರಿದಂದಿನಿಂದ ಈ ಶಸ್ತ್ರಕ್ರಿಯೆ ಜಗತ್ತಿನಾದ್ಯಂತ ಹಬ್ಬಿತು. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳ ಎಳೆಗಳು ಕುದುರೆಯ ಬಾಲದಂತೆ ಇಳಿಬಿದ್ದಿವೆ. ಕಾಲಿನ ಬಲ, ಮಲಮೂತ್ರಗಳ ಹತೋಟಿ ಎಲ್ಲವೂ ಆ ಎಳೆಗಳಲ್ಲಿವೆ. ಅವು ಇರುವುದು ಮೂಳೆಯ ಇಕ್ಕಟ್ಟಾದ ಕೊಳವೆಯಲ್ಲಿ. ಹೊಟ್ಟೆಯೊಳಗೆ ನಿಂತ ನೆತ್ತರಿಗೆ ಹರಡಲು ಜಾಗವುಂಟು. ಈ ಕೊಳವೆಯಲ್ಲಿ ಜಾಗವೆಲ್ಲಿ? ಸ್ವಲ್ಪವೇ ನೆತ್ತರು ಶೇಖರವಾದರೂ ನರಗಳನ್ನು ಹಿಂಡಿಬಿಡುತ್ತದೆ. ಇಂತಹ ಪ್ರಸಂಗ ವಿರಳ. ಬಹುತೇಕ ವರದಿಗಳಲ್ಲಿ ತೊಂದರೆ ಕಾಣಿಸಿಕೊಂಡವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಆದರೆ ಬಂದವರಿಗೆ ಮತ್ತೆ ಶಸ್ತ್ರಕ್ರಿಯೆ ಮಾಡಿ ಆ ನೆತ್ತರನ್ನು ತೆಗೆಯಬೇಕು, ಅದೂ ಕೆಲವೇ ಗಂಟೆಗಳೊಳಗೆ. ತಡವಾದರೆ ಕಾಲಿನ ಬಲ ಶಾಶ್ವತವಾಗಿ ಹೋಗಬಹುದು.

ಅಮೆರಿಕದಲ್ಲಿ ಇದರ ಪಾಠ ಕಹಿಯಾಗಿ ಬಂತು. ಹೆಪಾರಿನ್ನಿನ ಸುಧಾರಿತ ರೂಪವಾದ ಇನಾಕ್ಸಪರಿನ್ ಅಲ್ಲಿ 1993ರಲ್ಲಿ ಮಂಜೂರಾಯಿತು. ಆ ಬಳಿಕ, ಬೆನ್ನಿಗೆ ಸೂಜಿ ಚುಚ್ಚಿ ಅರಿವಳಿಕೆ ಕೊಟ್ಟ ರೋಗಿಗಳಲ್ಲಿ ಹಲವರಿಗೆ ಬೆನ್ನುಮೂಳೆಯ ಕೊಳವೆಯೊಳಗೆ ರಕ್ತಸ್ರಾವವಾಗಿ, ಕೆಲವರಿಗೆ ಕಾಲಿನ ಸ್ವಾಧೀನವೇ ತಪ್ಪಿದ ವರದಿಗಳು ಬಂದವು. 1997ರ ಡಿಸೆಂಬರಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಎಚ್ಚರಿಕೆ ಹೊರಡಿಸಿತು. ಔಷಧವನ್ನು ಯಾರೂ ಬಹಿಷ್ಕರಿಸಲಿಲ್ಲ. ಕಲಿತದ್ದು ಗಡಿಯಾರ ನೋಡುವುದನ್ನು: ಸೂಜಿಗೂ ಔಷಧಕ್ಕೂ ನಡುವೆ ಇಷ್ಟು ಗಂಟೆಗಳ ಅಂತರವಿರಬೇಕೆಂಬ ನಿಯಮಗಳು ಬಿಗಿಯಾದವು. 2009ರಲ್ಲಿ ನಾರ್ತ್ ಅಮೆರಿಕನ್ ಸ್ಪೈನ್ ಸೊಸೈಟಿ ನೀಡಿದ ಮಾರ್ಗದರ್ಶನವೂ ಇದೇ ಜಾಡಿನದು. ಬೆನ್ನಿನ ಹಿಂಬದಿಯಿಂದ ಮಾಡುವ ಸಾಮಾನ್ಯ ಶಸ್ತ್ರಕ್ರಿಯೆಗಳಲ್ಲಿ ಕಾಲಿನ ಹೆಪ್ಪಿನ ಸಂಭವ ಕಡಿಮೆ. ಅಲ್ಲಿ ಬಿಗಿ ಕಾಲುಚೀಲ, ಕಾಲನ್ನು ಆಗಾಗ ಒತ್ತುವ ಯಂತ್ರಗಳೇ ಮೊದಲ ಆಯ್ಕೆ, ಔಷಧ ಬೇಕಾಗದಿರಬಹುದು. ಅಪಘಾತದಲ್ಲಿ ಬೆನ್ನು ಮುರಿದವರು, ಕ್ಯಾನ್ಸರ್ ಇರುವವರು, ಮುಂಬದಿ ಹಿಂಬದಿ ಎರಡೂ ಕಡೆ ದೊಡ್ಡ ಶಸ್ತ್ರಕ್ರಿಯೆಯಾದವರು ಇಂಥವರ ಲೆಕ್ಕವೇ ಬೇರೆ. ಅವರಿಗೆ ಔಷಧದ ಲಾಭ ಹೆಚ್ಚಿರಬಹುದು. ಭಾವನಿಗೆ ಇಂಜೆಕ್ಷನ್, ಇವರಿಗೆ ಕಾಲುಚೀಲ ಏಕೆಂಬುದಕ್ಕೆ ಉತ್ತರ ಇಲ್ಲಿದೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲನೆಯದಾಗಿ, ತೆಗೆದುಕೊಳ್ಳುತ್ತಿರುವ ಗುಳಿಗೆಗಳನ್ನೆಲ್ಲ ಶಸ್ತ್ರವೈದ್ಯರ ಮುಂದೆ ಇಡಬೇಕು. ಆಸ್ಪಿರಿನ್, ನೋವಿನ ಗುಳಿಗೆ, ನಾಟಿ ಮದ್ದು ಯಾವುದನ್ನೂ ಮುಚ್ಚಿಡಬಾರದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗುವ ಗುಳಿಗೆಯನ್ನು ತಾವಾಗಿ ನಿಲ್ಲಿಸುವುದೂ ಅಪಾಯ, ಹೇಳದೆ ಮುಂದುವರಿಸುವುದೂ ಅಪಾಯ. ಹೃದಯದ ಡಾಕ್ಟರೂ ಬೆನ್ನಿನ ಡಾಕ್ಟರೂ ಮಾತಾಡಿಕೊಳ್ಳುವಂತೆ ಮಾಡುವುದು ಮನೆಯವರ ಕೆಲಸ. ಹಿಂದೆ ಕಾಲಿನಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನೂ ಹೇಳಬೇಕು.

ಎರಡನೆಯದಾಗಿ, ಅಪಾಯದ ಸೂಚನೆಗಳನ್ನು ಮನೆಯವರೆಲ್ಲ ತಿಳಿದಿರಬೇಕು. ಬೆನ್ನಿನ ನೋವು ಇಳಿಯುವ ಬದಲು ಏಕಾಏಕಿ ಏರುವುದು, ಕಾಲು ಬಲಹೀನವಾಗುವುದು, ತೊಡೆಯ ಸಂದು ಹಾಗೂ ಕುಳಿತುಕೊಳ್ಳುವ ಭಾಗ ಜೋಮುಗಟ್ಟುವುದು, ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಇವು ರಕ್ತಸ್ರಾವದ ಲಕ್ಷಣಗಳಿರಬಹುದು. ಒಂದೇ ಮೀನಖಂಡ ಬಾತು ನೋಯುವುದು, ತಟ್ಟನೆ ಉಸಿರು ಕಟ್ಟುವುದು, ಎದೆನೋವು, ಇವು ಹೆಪ್ಪಿನ ಲಕ್ಷಣಗಳಿರಬಹುದು. ಎರಡರಲ್ಲಿ ಯಾವುದು ಕಂಡರೂ "ಬೆಳಗಾಗಲಿ, ರೌಂಡಿಗೆ ಡಾಕ್ಟರು ಬರುತ್ತಾರಲ್ಲ" ಎಂಬ ದಾಕ್ಷಿಣ್ಯ ಸಲ್ಲದು. ನಡುರಾತ್ರಿಯಾದರೂ ದಾದಿಯರನ್ನು ಎಬ್ಬಿಸಬೇಕು. ಮನೆಯಲ್ಲಿದ್ದರೆ ಆಸ್ಪತ್ರೆಗೆ ಧಾವಿಸಬೇಕು.

ಮೂರನೆಯದು ನಮ್ಮವರಿಗೆಂದೇ ಹೇಳಬೇಕಾದ ಮಾತು. ಶಸ್ತ್ರಕ್ರಿಯೆ ಮುಂಬಯಿಯಲ್ಲಿ, ವಿಶ್ರಾಂತಿ ಊರಿನಲ್ಲಿ ಎಂಬುದು ನಮ್ಮಲ್ಲಿ ನಡೆದುಬಂದ ಕ್ರಮ. 1998ರಿಂದ ಕೊಂಕಣ ರೈಲು ಇಡೀ ದಾರಿ ಓಡತೊಡಗಿದ ಮೇಲೆ ಪ್ರಯಾಣ ಸುಲಭವಾಗಿದೆ, ನಿಜ. ಆದರೂ ರಾತ್ರಿಯಿಡೀ ಕಾಲು ಇಳಿಬಿಟ್ಟು ಬಸ್ಸಿನಲ್ಲಿ ಕುಳಿತು ಊರಿಗೆ ಹೋಗುವುದು ಹೆಪ್ಪಿಗೆ ಆಹ್ವಾನವಿತ್ತಂತೆ. ಎಂದು ಹೋಗಬಹುದು, ಹೇಗೆ ಹೋಗಬೇಕು ಎಂದು ಡಾಕ್ಟರನ್ನು ಕೇಳಿಯೇ ಟಿಕೆಟ್ ತೆಗೆಸುವುದು ಲೇಸು. ವಾರ್ಫರಿನ್ ಬರೆದುಕೊಟ್ಟಿದ್ದರೆ ಊರಿನಲ್ಲಿ ರಕ್ತಪರೀಕ್ಷೆ ಎಲ್ಲಿ ಆಗುತ್ತದೆಂದು ಮೊದಲೇ ವಿಚಾರಿಸಿಕೊಳ್ಳಬೇಕು. ಪರೀಕ್ಷೆಯಿಲ್ಲದೆ ಆ ಗುಳಿಗೆ ನುಂಗುವುದು ಕಣ್ಣು ಕಟ್ಟಿಕೊಂಡು ನಡೆದಂತೆ. ಬಸಳೆ, ಹರಿವೆ, ನುಗ್ಗೆಸೊಪ್ಪುಗಳಲ್ಲಿರುವ ಕೆ ಜೀವಸತ್ತ್ವ ವಾರ್ಫರಿನ್ನಿನ ಬಲವನ್ನು ಕುಗ್ಗಿಸುತ್ತದೆ. ತಿನ್ನಬಾರದೆಂದಲ್ಲ, ಮುಂಬಯಿಯಲ್ಲಿ ವಾರಕ್ಕೊಮ್ಮೆ ತಿನ್ನುತ್ತಿದ್ದವರು ಊರಿಗೆ ಹೋದೊಡನೆ ದಿನಾ ಬಸಳೆ ಪದಾರ್ಥ ಉಣ್ಣತೊಡಗಿದರೆ ಲೆಕ್ಕ ತಪ್ಪುತ್ತದೆ. ಬೆನ್ನು ನೋಯುತ್ತದೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ಜತೆಗೆ ನುಂಗುವುದಂತೂ ರಕ್ತಸ್ರಾವಕ್ಕೆ ದಾರಿ.

ಜಿಗಣೆಯ ಬಾಯಿಂದ, ಕೊಳೆತ ಮೇವಿನಿಂದ ಹೊರಟು ಆಸ್ಪತ್ರೆಯ ಹಾಸಿಗೆಯವರೆಗೆ ಬಂದ ಈ ಔಷಧಗಳು ಅಸಂಖ್ಯ ಜೀವಗಳನ್ನು ಉಳಿಸಿವೆ. ಅವುಗಳಿಗೆ ಹೆದರಿ ದೂರ ಸರಿಯುವುದೂ ಬೇಡ. ಎಲ್ಲರಿಗೂ ಬೇಕೇ ಬೇಕೆಂದು ಹಟ ಹಿಡಿಯುವುದೂ ಬೇಡ. ಶಸ್ತ್ರಕ್ರಿಯೆಯ ಮುನ್ನಾದಿನ ಡಾಕ್ಟರಲ್ಲಿ ಎರಡು ಪ್ರಶ್ನೆ ಕೇಳಿದರೆ ಸಾಕು: "ಇವರಿಗೆ ಹೆಪ್ಪಿನ ಭಯ ಎಷ್ಟು, ರಕ್ತಸ್ರಾವದ ಭಯ ಎಷ್ಟು? ಔಷಧ ಕೊಡುವುದಾದರೆ ಯಾವಾಗ ಆರಂಭ, ಎಷ್ಟು ದಿನ?" ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ರಾತ್ರಿ ರೋಗಿಯ ಬಳಿ ಕೂರುವವರ ಕೈಯಲ್ಲಿ ಆ ಚೀಟಿ ಇರಲಿ.