30 ದಿನದ ಮಳೆ ಪಟ್ಟಿ ನಿಮಗೂ ಬಂದಿದೆಯೇ? ಫಾರ್ವರ್ಡ್ ಮಾಡುವ ಮುನ್ನ ಈ ಲೆಕ್ಕ ನೋಡಿ

ಮುಂಗಾರು ಹತ್ತಿರವಾಗುತ್ತಿದ್ದಂತೆ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದು ಬಗೆಯ ಪಟ್ಟಿ ಓಡಾಡಲು ಶುರುವಾಗುತ್ತದೆ. ಜಿಲ್ಲೆಯ ಹೆಸರು, ಅದರ ಮುಂದೆ 30 ತಾರೀಕು, ಯಾವ ದಿನ ಎಷ್ಟು ಮಿಲಿಮೀಟರ್ ಮಳೆ ಎಂಬ ವಿವರ. ಕೆಳಗೆ 'ಸೂಪರ್ ಕಂಪ್ಯೂಟರ್ ಕೊಟ್ಟ ಮಾಹಿತಿ, ಎಲ್ಲ ರೈತರಿಗೂ ತಲುಪಿಸಿ' ಎಂಬ ಸಾಲು. ಇದನ್ನು ನಂಬಿ ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಮತ್ತೆ ಬೀಜ ತರಬೇಕು, ಮತ್ತೆ ಕೂಲಿ ಕೊಡಬೇಕು.

ಪಟ್ಟಿಯಲ್ಲಿ ಅರ್ಧ ಸತ್ಯವಿದೆ. ಮಳೆಯ ಮುನ್ಸೂಚನೆಗೆ ಸೂಪರ್ ಕಂಪ್ಯೂಟರ್ ಬಳಸುವುದು ನಿಜ. ಆದರೆ ಅದು ಲೆಕ್ಕ ಮಾಡುವ ಬಗೆ ತಿಳಿದರೆ 30ನೇ ದಿನದ ಮಿಲಿಮೀಟರ್ ಹೇಳಲು ಏಕೆ ಆಗದು ಎಂಬುದೂ ತಿಳಿಯುತ್ತದೆ.

ಒಂದು ಲೋಟ ಕಾಫಿ ತೆಗೆದುಕೊಳ್ಳೋಣ. ಕಾಫಿ 80 ಡಿಗ್ರಿ, ಕೋಣೆ 25 ಡಿಗ್ರಿ. ಇವುಗಳ ವ್ಯತ್ಯಾಸದ ಹತ್ತನೇ ಒಂದು ಭಾಗದಷ್ಟು ವೇಗದಲ್ಲಿ ಕಾಫಿ ಆರುತ್ತದೆ ಎಂದುಕೊಳ್ಳಿ. ಈಗ ವ್ಯತ್ಯಾಸ 55, ಆದ್ದರಿಂದ ನಿಮಿಷಕ್ಕೆ 5.5 ಡಿಗ್ರಿ. ಒಂದು ನಿಮಿಷದ ನಂತರ 74.5. ಈಗ ವ್ಯತ್ಯಾಸ 49.5ಕ್ಕೆ ಇಳಿದಿದೆ, ವೇಗವೂ ಇಳಿಯಿತು. ಮುಂದಿನ ನಿಮಿಷಕ್ಕೆ 69.55. ಬಂದ ಉತ್ತರವನ್ನೇ ಮತ್ತೆ ಲೆಕ್ಕಕ್ಕೆ ಹಾಕುತ್ತಾ ಹೋದರೆ ಐದನೇ ನಿಮಿಷಕ್ಕೆ ಸುಮಾರು 57.5 ಡಿಗ್ರಿ ಸಿಗುತ್ತದೆ. ಕರಾರುವಾಕ್ಕಾದ ಉತ್ತರ 58.4, ಅಂದರೆ ತೀರಾ ದೂರವೇನಿಲ್ಲ. ಬದಲಾವಣೆಯ ವೇಗವನ್ನು ಹೇಳುವ ಇಂಥ ಸಮೀಕರಣವೇ ಅವಕಲ ಸಮೀಕರಣ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಅದನ್ನು ಬಿಡಿಸುವ ವಿಧಾನಕ್ಕೆ 18ನೇ ಶತಮಾನದ ಗಣಿತಜ್ಞ ಆಯ್ಲರ್ ಹೆಸರಿದೆ.

ಅವಸರ ಮಾಡಿ 25 ನಿಮಿಷವನ್ನು ಒಂದೇ ಹೆಜ್ಜೆಯಲ್ಲಿ ದಾಟಿದರೆ? 5.5 ಅನ್ನು 25ರಿಂದ ಗುಣಿಸಿ 80ರಲ್ಲಿ ಕಳೆಯಿರಿ. ಉತ್ತರ ಮೈನಸ್ 57.5 ಡಿಗ್ರಿ! ಕಾಫಿ ಮಂಜುಗಡ್ಡೆಯಾಗಿ ಹೋಯಿತು. ಹೆಜ್ಜೆ ದೊಡ್ಡದಾದರೆ ಲೆಕ್ಕ ಹಳಿ ತಪ್ಪುತ್ತದೆ.

ಕಾಫಿಗಾದರೆ ನೇರ ಸೂತ್ರವಿದೆ. ಗಾಳಿ, ಒತ್ತಡ, ತೇವಾಂಶದ ಸಮೀಕರಣಗಳಿಗೆ ಅಂಥ ಸೂತ್ರ ಸಿಕ್ಕಿಲ್ಲ, ಹೆಜ್ಜೆ ಹಾಕಿಯೇ ಹೋಗಬೇಕು. ಬ್ರಿಟನ್ನಿನ ಲೂಯಿಸ್ ಫ್ರೈ ರಿಚರ್ಡ್ಸನ್ ಇದಕ್ಕೆ ಕೈಹಾಕಿದವರಲ್ಲಿ ಮೊದಲಿಗರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ಆ್ಯಂಬುಲೆನ್ಸ್ ಓಡಿಸುತ್ತಲೇ, 1910ರ ಮೇ 20ರ ಹವೆಯನ್ನು ಅವರು ಕೈಯಲ್ಲೇ ಲೆಕ್ಕ ಹಾಕಿದರು. ಆರು ಗಂಟೆಯಲ್ಲಿ ಒತ್ತಡ 145 ಮಿಲಿಬಾರ್ ಏರುತ್ತದೆ ಎಂದು ಬಂತು. ನಿಜದಲ್ಲಿ ಒತ್ತಡ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ವಿಧಾನ ಸರಿಯಿತ್ತು, ಶುರುವಿಗೆ ಹಾಕಿದ ಅಂಕಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಆ ಸೋಲನ್ನು ಮುಚ್ಚಿಡದೆ 1922ರಲ್ಲಿ ಪುಸ್ತಕದಲ್ಲೇ ಪ್ರಕಟಿಸಿದರು ಎಂಬುದು ನಮಗೆ ಇಷ್ಟವಾದ ಸಂಗತಿ. 1950ರಲ್ಲಿ ಎನಿಯಾಕ್ ಕಂಪ್ಯೂಟರ್ ಈ ಬಗೆಯ ಮೊದಲ ಯಶಸ್ವಿ ಲೆಕ್ಕ ಮಾಡಿತು. 24 ಗಂಟೆಯ ಮುನ್ಸೂಚನೆಗೆ ಅದು ತೆಗೆದುಕೊಂಡದ್ದೂ ಹತ್ತಿರ ಹತ್ತಿರ 24 ಗಂಟೆ!

ಹಾಗಾದರೆ ಇಂದಿನ ವೇಗದ ಕಂಪ್ಯೂಟರ್‌ಗೆ 30 ದಿನ ಏಕೆ ಕಷ್ಟ? 1961ರಲ್ಲಿ ಅಮೆರಿಕದ ಎಡ್ವರ್ಡ್ ಲೊರೆಂಜ್ ಒಂದು ಹಳೆಯ ಹವಾಮಾನ ಲೆಕ್ಕವನ್ನು ನಡುವಿನಿಂದ ಮತ್ತೆ ಓಡಿಸಿದರು. 0.506127 ಇದ್ದಲ್ಲಿ 0.506 ಎಂದು ಹಾಕಿದ್ದರು. ಮೊದಮೊದಲು ಎರಡೂ ಒಂದೇ ದಾರಿ ಹಿಡಿದವು. ಆಮೇಲೆ ಅಂತರ ಹೆಜ್ಜೆ ಹೆಜ್ಜೆಗೂ ಬೆಳೆದು, ಕೊನೆಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಾಯಿತು. ಪ್ರತಿ ಹೊಲದ ಮೇಲಿನ ಗಾಳಿಯನ್ನು ಆರು ದಶಮಾಂಶದವರೆಗೆ ಅಳೆಯುವುದಂತೂ ಆಗದ ಮಾತು. ಆದ್ದರಿಂದ ದಿನದಿನದ ಹವೆಯನ್ನು ಹೇಳಲು ಸುಮಾರು ಎರಡು ವಾರವೇ ಮಿತಿ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ನಮ್ಮ ಮುಂಗಾರಿನಲ್ಲಿ ಒಂದು ಊರಿನ ಮಳೆಗೆ ಅಷ್ಟೂ ಸಿಗುವುದು ಕಷ್ಟ.

ಅದಕ್ಕೇ ಹವಾಮಾನ ಕೇಂದ್ರಗಳು ಆರಂಭದ ಅಂಕಿಗಳನ್ನು ಚೂರುಚೂರು ಬದಲಿಸಿ ಅದೇ ಲೆಕ್ಕವನ್ನು ಹತ್ತಾರು ಬಾರಿ ಓಡಿಸುತ್ತವೆ. ಬಹುಪಾಲು ಲೆಕ್ಕಗಳು ಮಳೆ ಎಂದರೆ ಸಾಧ್ಯತೆ ಹೆಚ್ಚು. ಫೋನಿನಲ್ಲಿ ಕಾಣುವ 'ಶೇ 60' ಎಂಬಂಥ ಅಂಕಿಯ ಹಿಂದೆ ಸಾಮಾನ್ಯವಾಗಿ ಇಂಥ ಲೆಕ್ಕವಿರುತ್ತದೆ. ಫಾರ್ವರ್ಡ್ ಪಟ್ಟಿಯಲ್ಲಿ ಇಲ್ಲದಿರುವುದು ಇದೇ: ಅಲ್ಲಿ 'ಬಹುಶಃ' ಎಂಬ ಮಾತೇ ಇಲ್ಲ.

ಭಾರತೀಯ ಹವಾಮಾನ ಇಲಾಖೆಯೂ ನಾಲ್ಕು ವಾರದ ಮುನ್ನೋಟವನ್ನು ಪ್ರತಿ ಗುರುವಾರ ಕೊಡುತ್ತದೆ. ಮಳೆಯ ವಿಷಯದಲ್ಲಿ ಅದು ಹೇಳುವುದು ವಾರದ ಮಳೆ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು. ಬಿತ್ತನೆಯ ದಿನ ನಿಶ್ಚಯಿಸಬೇಕಾದವರು ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಸಲಹೆ ನೋಡಬಹುದು.