ಸರದಿ ಬಂದಾಗ ಯಾರ ಹೆಸರು ಕೂಗಬೇಕು?

ವಿಶಾಖಪಟ್ಟಣದ ಐಟಿ ಗುಡ್ಡಗಳಲ್ಲಿ ಕೆಲಸ ಮಾಡುವವರಿಗೆ ಮಧುರವಾಡದ ಪಕ್ಕದ ಪಿ.ಎಂ. ಪಾಲೆಂ ಗೊತ್ತಿರುತ್ತದೆ. ಅಲ್ಲಿನ ಕ್ರಿಕೆಟ್ ಮೈದಾನದಲ್ಲಿ ಮೊದಲ ಅಂತಾರಾಷ್ಟ್ರೀಯ ಏಕದಿನ ಪಂದ್ಯ ನಡೆದದ್ದು 2005ರ ಏಪ್ರಿಲ್ 5ರಂದು, ಪಾಕಿಸ್ತಾನದ ಎದುರು. ಉದ್ದ ಕೂದಲಿನ ವಿಕೆಟ್ ಕೀಪರ್ ಒಬ್ಬ ಅಂದು 123 ಎಸೆತಗಳಲ್ಲಿ 148 ರನ್ ಹೊಡೆದ. ಅದು ಮಹೇಂದ್ರ ಸಿಂಗ್ ಧೋನಿಯ ಐದನೇ ಏಕದಿನ ಪಂದ್ಯ. ಹಿಂದಿನ ನಾಲ್ಕರಲ್ಲಿ ಅವನು ಗಳಿಸಿದ್ದು 0, 12, ಔಟಾಗದೆ 7, ಮತ್ತು 3. ಒಟ್ಟು 22 ರನ್. ಈ ನಾಲ್ಕು ಸಾಲನ್ನಷ್ಟೇ ನೋಡುವ ಯಾರೂ ಅವನನ್ನು ಮೂರನೇ ಕ್ರಮಾಂಕಕ್ಕೆ ಕಳಿಸುತ್ತಿರಲಿಲ್ಲ. ನಾಯಕ ಸೌರವ್ ಗಂಗೂಲಿ ಕಳಿಸಿದರು.

ಹುಡುಗ ಮುಂದೆ ಏನಾಗುತ್ತಾನೆ ಎಂಬುದು ತಿಳಿಯುವ ಮೊದಲೇ ಅವನನ್ನು ಆರಿಸಬೇಕು. ತಂಡ ಕಟ್ಟುವ ಕೆಲಸದ ತಿರುಳೇ ಇದು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಇದಕ್ಕೆ ಡ್ರಾಫ್ಟ್ ಎಂಬ ಕಟ್ಟುನಿಟ್ಟಿನ ಏರ್ಪಾಡಿದೆ. ಪ್ರತಿ ವರ್ಷ ಹೊಸ ಹುಡುಗರ ಪಟ್ಟಿ ಬರುತ್ತದೆ, ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನು ಕರೆಯುತ್ತವೆ. ನಮ್ಮ ಕಡೆ ಆ ಏರ್ಪಾಡು ಬಂದದ್ದು ತಡವಾಗಿ, ಕ್ರಿಕೆಟ್ಟಿಗೆ, ಅದೂ ಬೆಂಗಳೂರಿಗೆ ತೀರಾ ಹತ್ತಿರದ ಒಂದು ಕಥೆಯಾಗಿ. ಆರಿಸುವ ಕೆಲಸ ಮಾತ್ರ ಅದಕ್ಕಿಂತ ಬಹಳ ಹಳೆಯದು. ವಿಶಾಖಪಟ್ಟಣದ ಸುತ್ತಲೇ ಅದರ ಒಂದು ಹಳೆಯ ರೂಪ ಸಿಗುತ್ತದೆ.

ವಿಶಾಖಪಟ್ಟಣದ ಉತ್ತರಕ್ಕಿರುವ ವಿಜಯನಗರಂ ದೊಡ್ಡ ಜಮೀನ್ದಾರಿ ಸಂಸ್ಥಾನವಾಗಿತ್ತು. ಆ ಮನೆತನದ ಮಹಾರಾಜಕುಮಾರ, ಕ್ರಿಕೆಟ್ ಲೋಕದಲ್ಲಿ ‘ವಿಜ್ಜಿ’, 1905ರಲ್ಲಿ ಹುಟ್ಟಿದವರು. ಆಡುವುದಕ್ಕಿಂತ ಆಡಿಸುವುದರಲ್ಲಿ ಅವರಿಗೆ ಹೆಚ್ಚು ಆಸಕ್ತಿ. ನಾಗರಿಕ ಅಸಹಕಾರ ಚಳವಳಿಯ ಕಾರಣ 1930-31ರ ಎಂಸಿಸಿ ಪ್ರವಾಸ ರದ್ದಾದಾಗ ಅವರು ತಮ್ಮದೇ ತಂಡ ಕಟ್ಟಿ, ಇಂಗ್ಲೆಂಡಿನ ಜ್ಯಾಕ್ ಹಾಬ್ಸ್ ಮತ್ತು ಹರ್ಬರ್ಟ್ ಸಟ್‌ಕ್ಲಿಫ್ ಅವರನ್ನು ಕರೆಸಿ ಭಾರತ ಮತ್ತು ಸಿಲೋನಿನಲ್ಲಿ ಆಡಿಸಿದರು. ಹೈಸ್ಕೂಲು ಓದುತ್ತಿದ್ದ ಇಂದೋರಿನ ಹುಡುಗ ಮುಷ್ತಾಕ್ ಅಲಿಯನ್ನೂ ತಮ್ಮ ಆಶ್ರಯಕ್ಕೆ ತಂದುಕೊಂಡರು. ನಮ್ಮ ಮೈಸೂರಿನ ಅರಮನೆಯಲ್ಲಿ ವಿದ್ವಾಂಸರನ್ನು ಇಟ್ಟುಕೊಂಡ ಹಾಗೆಯೇ ಇದೂ. ಅರಸ ಮೆಚ್ಚಿದರೆ ಊಟ, ವಸತಿ, ಅಭ್ಯಾಸ, ಎಲ್ಲವೂ ಸಿಕ್ಕುತ್ತಿತ್ತು. ಯಾವ ಪಟ್ಟಿಯೂ ಇಲ್ಲ, ಸರದಿಯೂ ಇಲ್ಲ.

ಮುಷ್ತಾಕ್ ವಿಷಯದಲ್ಲಿ ಆ ಕಣ್ಣು ತಪ್ಪಲಿಲ್ಲ. 1936ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅವರು 112 ರನ್ ಹೊಡೆದರು. ವಿದೇಶದಲ್ಲಿ ಭಾರತೀಯನೊಬ್ಬನ ಮೊದಲ ಟೆಸ್ಟ್ ಶತಕ ಅದು. ವಿಜಯ್ ಮರ್ಚೆಂಟ್ ಜೊತೆ ಮೊದಲ ವಿಕೆಟ್ಟಿಗೆ 203 ರನ್. ಆದರೆ ಅದೇ ಪ್ರವಾಸ ಈ ಪದ್ಧತಿಯ ಇನ್ನೊಂದು ಮುಖವನ್ನೂ ತೋರಿಸಿತು. ನಾಯಕನ ಪಟ್ಟವನ್ನು ಸ್ವತಃ ವಿಜ್ಜಿ ಪಡೆದುಕೊಂಡಿದ್ದರು. ಮೂರು ಟೆಸ್ಟುಗಳಲ್ಲಿ ಅವರ ಗಳಿಕೆ 33 ರನ್. ಚೆನ್ನಾಗಿ ಆಡುತ್ತಿದ್ದ ಲಾಲಾ ಅಮರನಾಥ್ ಅವರನ್ನು ಶಿಸ್ತಿನ ಹೆಸರಿನಲ್ಲಿ ಟೆಸ್ಟುಗಳಿಗೆ ಮೊದಲೇ ಊರಿಗೆ ವಾಪಸ್ ಕಳಿಸಲಾಯಿತು. ಆರಿಸುವ ಅಧಿಕಾರ ಒಬ್ಬನ ಕೈಯಲ್ಲಿದ್ದರೆ ಹೊರಹಾಕುವ ಅಧಿಕಾರವೂ ಅದೇ ಕೈಯಲ್ಲಿರುತ್ತದೆ.

ಅರಸರು ಹೋದರು, ಮಂಡಳಿಗಳು ಬಂದವು. ಆದರೂ ದೊಡ್ಡ ಊರಿನ ಹುಡುಗರೇ ಹೆಚ್ಚು ಕಣ್ಣಿಗೆ ಬೀಳುತ್ತಿದ್ದರು. ಸಣ್ಣ ಊರುಗಳನ್ನು ಹುಡುಕಲೆಂದೇ ಈ ಶತಮಾನದ ಆರಂಭದಲ್ಲಿ ಕ್ರಿಕೆಟ್ ಮಂಡಳಿ ಪ್ರತಿಭಾಶೋಧದ ಒಂದು ವಿಭಾಗ ತೆರೆಯಿತು. ಅದರ ಮುಖ್ಯಸ್ಥರು ದಿಲೀಪ್ ವೆಂಗ್‌ಸರ್ಕಾರ್. ಬಂಗಾಳದ ಮಾಜಿ ನಾಯಕ ಪ್ರಕಾಶ್ ಪೊದ್ದಾರ್ 2003ರಲ್ಲಿ ಜಮ್ಶೆಡ್‌ಪುರದ ಒಂದು ಪಂದ್ಯದಲ್ಲಿ ಧೋನಿಯನ್ನು ನೋಡಿ ವರದಿ ಕಳಿಸಿದರು. ಧೋನಿಗೆ ಆಗಲೇ 21 ದಾಟಿತ್ತು, ಯೋಜನೆಯ ಲೆಕ್ಕದಲ್ಲಿ ವಯಸ್ಸು ಮೀರಿದವನು. ಆದರೂ ವರದಿ ಕಸದ ಬುಟ್ಟಿಗೆ ಹೋಗಲಿಲ್ಲ. ಎರಡು ವರ್ಷಗಳ ನಂತರದ ಪಿ.ಎಂ. ಪಾಲೆಂ ಮಧ್ಯಾಹ್ನಕ್ಕೆ ದಾರಿ ತೆರೆದದ್ದು ಆ ಒಂದು ಕಾಗದ. ನಾಲ್ಕು ಸೋಲುಗಳಾದ ಮೇಲೂ ಅವನನ್ನು ಕೈಬಿಡದಿದ್ದದ್ದು ಗಂಗೂಲಿ. ಒಬ್ಬರು ಕಂಡರು, ಇನ್ನೊಬ್ಬರು ಕಾದರು. ಈ ಎರಡು ಕೆಲಸ ಬೇರೆ ಬೇರೆ ಎಂಬುದನ್ನು ನೆನಪಿಡೋಣ.

ಈಗ 2008. ಮಾರ್ಚ್ 2ರಂದು ಕೌಲಾಲಂಪುರದಲ್ಲಿ ಭಾರತದ ಹುಡುಗರು 19ರ ವಯೋಮಿತಿಯ ವಿಶ್ವಕಪ್ ಗೆದ್ದರು. ಅದೇ ಹೊತ್ತಿಗೆ ಐಪಿಎಲ್ ಹುಟ್ಟುತ್ತಿತ್ತು. ದೊಡ್ಡ ಆಟಗಾರರಿಗೆ ಹರಾಜು. ಈ ಹುಡುಗರಿಗೆ ಮಾತ್ರ ಹರಾಜು ಬೇಡ, ಅಮೆರಿಕದ ಮಾದರಿಯ ಡ್ರಾಫ್ಟ್ ಇರಲಿ ಎಂದು ತೀರ್ಮಾನವಾಯಿತು. ಸಂಬಳ ಮೊದಲೇ ನಿಗದಿ, ತಂಡಗಳು ಸರದಿಯಂತೆ ಹೆಸರು ಕರೆಯಬೇಕು. ವಿಶ್ವಕಪ್ ತಂಡದ ನಾಯಕ ವಿರಾಟ್ ಕೊಹ್ಲಿ ದೆಹಲಿಯ ಹುಡುಗ. ಬೆಂಗಳೂರಿಗಿಂತ ಮೊದಲು ಸರದಿ ಬಂದದ್ದೂ ದೆಹಲಿ ತಂಡಕ್ಕೇ. ಅವರು ಕೂಗಿದ ಹೆಸರು ಪ್ರದೀಪ್ ಸಾಂಗ್ವಾನ್, ಅದೇ ವಿಶ್ವಕಪ್ ತಂಡದ ಎಡಗೈ ವೇಗಿ. ಕೊಹ್ಲಿ ಬೆಂಗಳೂರಿನ ಪಾಲಾದ, ಸುಮಾರು 12 ಲಕ್ಷ ರೂಪಾಯಿಗೆ.

ಇಂದು ಇದನ್ನು ಹೇಳಿ ದೆಹಲಿಯವರನ್ನು ನೋಡಿ ನಗುವುದು ಸುಲಭ. ಆದರೆ ಅವರ ಕುರ್ಚಿಯಲ್ಲಿ ಕೂತು ನೋಡಿ. ಬ್ಯಾಟಿಂಗಿಗೆ ಸೆಹ್ವಾಗ್, ಗಂಭೀರ್, ಧವನ್, ಡಿವಿಲಿಯರ್ಸ್, ದಿಲ್ಶಾನ್, ಮನೋಜ್ ತಿವಾರಿ ಎಲ್ಲರೂ ಇದ್ದಾರೆ. ಇನ್ನೊಬ್ಬ ಬ್ಯಾಟ್ಸ್‌ಮನ್ ಬಂದರೆ ಕೂರುವುದು ಬೆಂಚಿನ ಮೇಲೆ. ಬೇಕಿದ್ದದ್ದು ಭಾರತೀಯ ಬೌಲರ್. ಅಂಕಿ ಅಂಶ ಕೇಳುವವರಿಗೆ ಅದೂ ಇದೆ: ಆ ವಿಶ್ವಕಪ್ಪಿನಲ್ಲಿ ಅತಿ ಹೆಚ್ಚು ರನ್ ಹೊಡೆದವನು ಕೊಹ್ಲಿಯಲ್ಲ, 262 ರನ್ ಗಳಿಸಿದ ತನ್ಮಯ್ ಶ್ರೀವಾಸ್ತವ. ಕೊಹ್ಲಿಯದು 235. ಫೈನಲ್ಲಿನಲ್ಲೂ ತನ್ಮಯ್ 46, ಕೊಹ್ಲಿ 19. ಅಷ್ಟೇ ಅಲ್ಲ, ಆ ಮೊದಲ ಸೀಸನ್ನಿನಲ್ಲಿ ದೆಹಲಿ ಸೆಮಿಫೈನಲ್ ತಲುಪಿತು, ಬೆಂಗಳೂರು ಎಂಟು ತಂಡಗಳಲ್ಲಿ ಏಳನೆಯದಾಯಿತು. 2008ರ ಜೂನ್ ತಿಂಗಳಲ್ಲಿ ಯಾರ ಆಯ್ಕೆ ಸರಿ ಎಂದು ಕೇಳಿದ್ದರೆ ದೆಹಲಿಯದೇ ಎನ್ನುತ್ತಿದ್ದೆವು.

ಬ್ಯಾಸ್ಕೆಟ್‌ಬಾಲ್ ಬಲ್ಲವರಿಗೆ ಇದು ಹಳೆಯ ಕಥೆ. 1984ರ ಡ್ರಾಫ್ಟಿನಲ್ಲಿ ಮೊದಲ ಸರದಿಯ ಹ್ಯೂಸ್ಟನ್ ಹಕೀಮ್ ಒಲಾಜುವಾನ್‌ನನ್ನು ಕರೆಯಿತು. ಎರಡನೇ ಸರದಿ ಪೋರ್ಟ್‌ಲೆಂಡಿನದು. ಅವರ ಬಳಿ ಹಿಂದಿನ ವರ್ಷವಷ್ಟೇ ಆರಿಸಿಕೊಂಡ ಕ್ಲೈಡ್ ಡ್ರೆಕ್ಸ್‌ಲರ್ ಇದ್ದ. ಅದೇ ಜಾಗಕ್ಕೆ ಇನ್ನೊಬ್ಬ ಏಕೆ ಎಂದು, ಎತ್ತರದ ಸೆಂಟರ್ ಆಟಗಾರ ಸ್ಯಾಮ್ ಬೋವಿಯನ್ನು ಕರೆದರು. ಕಾಲಿನ ಗಾಯದಿಂದ ಕಾಲೇಜಿನಲ್ಲೇ ಎರಡು ಸೀಸನ್ ಕಳೆದುಕೊಂಡಿದ್ದ ಹುಡುಗ ಆತ. ಮೂರನೇ ಸರದಿಯ ಚಿಕಾಗೊಗೆ ಉಳಿದವನು ಮೈಕಲ್ ಜೋರ್ಡನ್, ಮುಂದೆ ಆರು ಬಾರಿ ಚಾಂಪಿಯನ್. ಪೋರ್ಟ್‌ಲೆಂಡ್ ಮತ್ತು ದೆಹಲಿಯ ನಡುವೆ 24 ವರ್ಷಗಳ ಅಂತರ, ಆದರೆ ತರ್ಕ ಒಂದೇ: ನಮ್ಮಲ್ಲಿ ಎಲ್ಲಿ ತೂತಿದೆಯೋ ಅಲ್ಲಿಗೆ ತೇಪೆ.

ನಮ್ಮ ಕಚೇರಿಗಳಲ್ಲೂ ದಿನನಿತ್ಯ ನಡೆಯುವುದು ಇದೇ ಅಲ್ಲವೇ? ಕ್ಲೈಂಟ್ ಕೇಳಿದ್ದು ಒಂದು ನಿರ್ದಿಷ್ಟ ಕೆಲಸ ಬಲ್ಲವನನ್ನು, ಸೋಮವಾರದಿಂದ. ಸಂದರ್ಶನಕ್ಕೆ ಬಂದವರಲ್ಲಿ ಒಬ್ಬಳು ಬಹಳ ಚುರುಕು, ಆದರೆ ಆರು ತಿಂಗಳು ಕಲಿಯಬೇಕು. ಇನ್ನೊಬ್ಬ ಸಾಧಾರಣ, ಆದರೆ ಆ ಕೆಲಸ ಗೊತ್ತು. ಸ್ಪ್ರೆಡ್‌ಶೀಟ್ ಯಾರನ್ನು ಆರಿಸುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಅದು ಮೂರ್ಖತನವಲ್ಲ. ಆರು ತಿಂಗಳ ಸಂಬಳ ಯಾರ ತಲೆಯ ಮೇಲೆ ಎಂಬುದು ನಿಜವಾದ ಪ್ರಶ್ನೆಯೇ.

ಬೆಂಗಳೂರು ತಂಡದ ಹೆಚ್ಚುಗಾರಿಕೆ ಕೊಹ್ಲಿಯನ್ನು ಕರೆದದ್ದರಲ್ಲಿ ಇಲ್ಲ, ಅವನು ಅವರಿಗೆ ಉಳಿದುಬಂದವನು. ಹೆಚ್ಚುಗಾರಿಕೆ ಇರುವುದು ನಂತರದ ಮೂರು ವರ್ಷಗಳಲ್ಲಿ. ಮೊದಲ ಪಂದ್ಯದಲ್ಲಿ, ಚಿನ್ನಸ್ವಾಮಿ ಅಂಗಳದಲ್ಲಿ, ಅವನು 1 ರನ್ನಿಗೆ ಔಟ್. ಆ ಸೀಸನ್ನಿನಲ್ಲಿ 165 ರನ್, ಮುಂದಿನದರಲ್ಲಿ 246, ಅದರ ಮುಂದಿನದರಲ್ಲಿ 307. ಮೂರು ವರ್ಷವೂ ಆಡಿಸಿದರು. 2010ರ ಅಕ್ಟೋಬರಿನಲ್ಲಿ ವಿಶಾಖಪಟ್ಟಣದ ಅದೇ ಮೈದಾನದಲ್ಲಿ, ಆಸ್ಟ್ರೇಲಿಯಾದ 289ನ್ನು ಬೆನ್ನಟ್ಟುವಾಗ, ಅವನು 118 ಹೊಡೆದು ಭಾರತವನ್ನು ಗೆಲ್ಲಿಸಿದ. ಕೆಲವೇ ತಿಂಗಳಲ್ಲಿ 2011ರ ದೊಡ್ಡ ಹರಾಜು ಬಂತು. ಬೆಂಗಳೂರು ತಂಡ ದ್ರಾವಿಡ್ ಅವರನ್ನೂ ಬಿಟ್ಟು, ಉಳಿಸಿಕೊಂಡ ಹೆಸರು ಒಂದೇ ಒಂದು: ಕೊಹ್ಲಿ. ಆ ವರ್ಷ 557 ರನ್ ಬಂತು, 2016ರಲ್ಲಿ 973. 2018ರಲ್ಲಿ ಏಕದಿನ ಪಂದ್ಯಗಳ ಹತ್ತು ಸಾವಿರ ರನ್ನಿನ ಗಡಿಯನ್ನು ಅವನು ದಾಟಿದ್ದೂ ವಿಶಾಖಪಟ್ಟಣದಲ್ಲೇ. ಕಪ್ ಮಾತ್ರ ಬೆಂಗಳೂರಿಗೆ ಬಂದದ್ದು 2025ರ ಜೂನ್ 3ರಂದು, ಹದಿನೆಂಟನೇ ಸೀಸನ್ನಿನಲ್ಲಿ. ಕಾಯುವುದು ಎಂದರೆ ಎಷ್ಟು ಎಂಬುದಕ್ಕೆ ನಮ್ಮ ಊರಿನವರಿಗಿಂತ ಬೇರೆ ಸಾಕ್ಷಿ ಬೇಕೆ?

ಕಾಯುವವರು ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅದೇ 2008ರ ಗುಂಪು ಉತ್ತರ ಕೊಡುತ್ತದೆ. ಬೆಂಗಳೂರಿನಲ್ಲಿ ಬೆಳೆದ ಮನೀಶ್ ಪಾಂಡೆಯನ್ನು ಮುಂಬೈ ಕರೆದಿತ್ತು, ಒಂದು ಸೀಸನ್ ಆದ ಮೇಲೆ ಅವನು ಅಲ್ಲಿರಲಿಲ್ಲ. ಬೆಂಗಳೂರಿಗೆ ಬಂದವನು 2009ರ ಮೇ 21ರಂದು ಸೆಂಚುರಿಯನ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು ಔಟಾಗದೆ 114 ಹೊಡೆದ. ಐಪಿಎಲ್‌ನಲ್ಲಿ ಭಾರತೀಯನೊಬ್ಬನ ಮೊದಲ ಶತಕ. ಸಾಂಗ್ವಾನ್ ವರ್ಷಗಟ್ಟಲೆ ದೇಶಿ ಕ್ರಿಕೆಟ್ ಆಡಿದ, 2022ರಲ್ಲಿ ಕಪ್ ಗೆದ್ದ ಗುಜರಾತ್ ತಂಡದಲ್ಲೂ ಇದ್ದ, ಆದರೆ ಭಾರತ ತಂಡದ ಬಾಗಿಲು ತೆರೆಯಲಿಲ್ಲ. ಇನ್ನು ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು ರನ್ ಹೊಡೆದ ತನ್ಮಯ್? ಪಂಜಾಬ್ ತಂಡ ಅವನನ್ನು ಕರೆದಿತ್ತು. 2020ರಲ್ಲಿ ಆಟ ಬಿಟ್ಟು, 2025ರಲ್ಲಿ ಐಪಿಎಲ್‌ಗೆ ಮರಳಿದ, ಅಂಪೈರ್ ಆಗಿ. ಕೊಹ್ಲಿ ಕಪ್ ಎತ್ತಿದ ವರ್ಷವೂ ಅದೇ.

ಡ್ರಾಫ್ಟ್ ಹೆಚ್ಚು ಕಾಲ ಉಳಿಯಲಿಲ್ಲ. ಈಗ ಹೊಸ ಹುಡುಗರಿಗೂ ಹರಾಜೇ. ವಿಶಾಖಪಟ್ಟಣದಲ್ಲಿ 2003ರಲ್ಲಿ ಹುಟ್ಟಿದ ನಿತೀಶ್ ಕುಮಾರ್ ರೆಡ್ಡಿಯ ಕಥೆ ಆ ಕಾಲದ್ದು. ಆಂಧ್ರದ ಮಾಜಿ ಕೀಪರ್ ಎಂ.ಎಸ್.ಕೆ. ಪ್ರಸಾದ್ ಅವನನ್ನು ಚಿಕ್ಕಂದಿನಲ್ಲೇ ಗುರುತಿಸಿದರು, ರಾಜ್ಯ ಸಂಸ್ಥೆ ತನ್ನ ಅಕಾಡೆಮಿಯಲ್ಲಿ ಇಟ್ಟುಕೊಂಡು ಬೆಳೆಸಿತು. 2017-18ರ 16ರ ವಯೋಮಿತಿಯ ವಿಜಯ್ ಮರ್ಚೆಂಟ್ ಟ್ರೋಫಿಯಲ್ಲಿ ಅವನು 1237 ರನ್ ಹೊಡೆದ. ತಂದೆಗೆ ಉದಯಪುರಕ್ಕೆ ವರ್ಗವಾದಾಗ, ಮಗನ ಆಟ ನಿಲ್ಲಬಾರದೆಂದು ಅವರು ಕೆಲಸವನ್ನೇ ಬಿಟ್ಟರು. 2022ರ ಡಿಸೆಂಬರಿನಲ್ಲಿ ಹೈದರಾಬಾದ್ ತಂಡ ಅವನನ್ನು ಕೊಂಡದ್ದು ಕನಿಷ್ಠ ಬೆಲೆ 20 ಲಕ್ಷಕ್ಕೆ. ಮೊದಲ ಸೀಸನ್ನಿನಲ್ಲಿ ಎರಡೇ ಪಂದ್ಯ, ಬ್ಯಾಟ್ ಹಿಡಿಯುವ ಅವಕಾಶವೂ ಇಲ್ಲ. ಆದರೂ ಉಳಿಸಿಕೊಂಡರು. 2024ರಲ್ಲಿ 303 ರನ್, ಉದಯೋನ್ಮುಖ ಆಟಗಾರನ ಪ್ರಶಸ್ತಿ.

ಆಮೇಲೆ ಎಲ್ಲರಿಗೂ ಅವನು ಬೇಕಾದ. ಆಂಧ್ರಕ್ಕೆ ಅದರದೇ ಲೀಗ್ ಇದೆ, 2022ರಲ್ಲಿ ಶುರುವಾದದ್ದು. 2024ರವರೆಗೆ ಅದರಲ್ಲಿ ವಿಶಾಖಪಟ್ಟಣಕ್ಕೆ ವೈಜಾಗ್ ವಾರಿಯರ್ಸ್, ವಿಜಯವಾಡಕ್ಕೆ ಅದರ ಹಳೆಯ ಹೆಸರಿನ ಬೆಜವಾಡ ಟೈಗರ್ಸ್ ಇದ್ದವು. 2024ರಲ್ಲಿ ಅಲ್ಲಿನ ಹರಾಜಿನಲ್ಲಿ ಗೋದಾವರಿ ಟೈಟನ್ಸ್ ಅವನಿಗೆ 15.6 ಲಕ್ಷ ಕೊಟ್ಟಿತು. ಹೈದರಾಬಾದ್ 6 ಕೋಟಿ ಕೊಟ್ಟು ಉಳಿಸಿಕೊಂಡಿತು. ಅದೇ ಡಿಸೆಂಬರಿನಲ್ಲಿ ಮೆಲ್ಬರ್ನಿನ ಟೆಸ್ಟಿನಲ್ಲಿ ಅವನು 114 ಹೊಡೆದಾಗ ತಂದೆ ಗ್ಯಾಲರಿಯಲ್ಲಿದ್ದರು.

20 ಲಕ್ಷ ಮತ್ತು 6 ಕೋಟಿಯ ನಡುವಿನ ವ್ಯತ್ಯಾಸ ಏನು? ಹುಡುಗ ಅವನೇ. ಮೊದಲ ಬೆಲೆ ಅನುಮಾನ ಇದ್ದಾಗಿನದು, ಎರಡನೆಯದು ಅನುಮಾನ ಕಳೆದ ಮೇಲಿನದು. ಅನುಮಾನ ಇರುವಾಗ ಪ್ರತಿಭೆ ಅಗ್ಗ, ಆದರೆ ಆಗ ಕೊಡಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಸಮಯ. ಆ ಸಮಯವನ್ನು ಮುಷ್ತಾಕ್ ಅಲಿಗೆ ಒಬ್ಬ ರಾಜಕುಮಾರ ಕೊಟ್ಟ, ಧೋನಿಗೆ ಒಬ್ಬ ನಾಯಕ, ಕೊಹ್ಲಿಗೆ ಒಂದು ಸೋಲುತ್ತಿದ್ದ ತಂಡ, ನಿತೀಶನಿಗೆ ಎಲ್ಲರಿಗಿಂತ ಮೊದಲು ಸಂಬಳ ಬಿಟ್ಟ ಅಪ್ಪ.

ಹಾಗಾಗಿ ಸರದಿ ಬಂದಾಗ ಯಾರ ಹೆಸರು ಕೂಗಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಮೂರು ವರ್ಷ ಕಾಯುವ ಶಕ್ತಿ ಇದ್ದರೆ, ಬೆಂಚಿನಲ್ಲಿ ಜಾಗ ಇಲ್ಲದಿದ್ದರೂ, ಅತ್ಯಂತ ಚುರುಕಾದವನನ್ನೇ ಕರೆಯಿರಿ. ಅಷ್ಟು ಕಾಯಲಾಗದಿದ್ದರೆ ತೂತು ಮುಚ್ಚುವವನನ್ನು ಕರೆಯಿರಿ, ಅದರಲ್ಲಿ ಅವಮಾನವಿಲ್ಲ, ದೆಹಲಿ ಆ ವರ್ಷ ಸೆಮಿಫೈನಲ್ ಆಡಿತು. ಮಾಡಬಾರದ ಕೆಲಸ ಒಂದೇ: ಚುರುಕಾದ ಹುಡುಗನನ್ನು ಕರೆದು, ಒಂದು ಸೀಸನ್ ಕೂರಿಸಿ, ನಮಗೆ ಹೊಂದಲಿಲ್ಲ ಎಂದು ಕಳಿಸಿಬಿಡುವುದು. ತಂಡಕ್ಕೆ ಅದು ಒಂದು ಸಾಲಿನ ಲೆಕ್ಕ. ಹತ್ತೊಂಬತ್ತರ ಹುಡುಗನಿಗೆ ಅದು ಇಡೀ ಲೆಕ್ಕ.