ದಾದರಿನಲ್ಲಿ ಎರಡು ಒಂದನೇ ನಂಬರು

ಮುಂಬಯಿಯ ದಾದರಿನಲ್ಲಿ ಗಾಡಿ ಬದಲಿಸುವ ತಾಪತ್ರಯದ ಬೇರು ಎರಡು ಹಳೆಯ ರೈಲು ಕಂಪನಿಗಳಲ್ಲಿದೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಬಿಟ್ಟದ್ದು ಜಿಐಪಿ, ಅಂದರೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ. ಆಮೇಲೆ ಗುಜರಾತಿನ ಕಡೆಯಿಂದ ಹಳಿ ತಂದದ್ದು ಬಿಬಿಸಿಐ, ಅಂದರೆ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ. ದಾದರಿನಲ್ಲಿ ಹಳಿಗಳು ಮಗ್ಗುಲಲ್ಲೇ ಹಾದರೂ ನಿಲ್ದಾಣ ಬೇರೆ, ಲೆಕ್ಕ ಬೇರೆ. 1951ರಲ್ಲಿ ಈ ಎರಡೂ ಕ್ರಮವಾಗಿ ಸೆಂಟ್ರಲ್, ವೆಸ್ಟರ್ನ್ ರೈಲ್ವೆಗಳಾದವು. ಆದರೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಸೇತುವೆ ಹತ್ತಿಳಿಯುವುದು ತಪ್ಪಲಿಲ್ಲ.

ಹುಬ್ಬಳ್ಳಿಯಿಂದ ಶರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಸೆಂಟ್ರಲ್ ಕಡೆ ಇಳಿದು, ವೆಸ್ಟರ್ನ್ ಗಾಡಿ ಹಿಡಿದು ಅಂಧೇರಿಗೆ ಹೋಗುವ ನಮ್ಮವರನ್ನು ಎಷ್ಟೋ ಸಲ ಈ ಸೇತುವೆ ದಾಟಿಸಿದ್ದೇನೆ. ಬಗಲಲ್ಲಿ ಮಗು, ಕೈಯಲ್ಲಿ ಖಡಕ್ ರೊಟ್ಟಿಯ ಗಂಟು, ಎದುರಿಗೆ ಹೂವಿನ ಮೂಟೆ ಹೊತ್ತವರ ನೂಕು. ಅದರ ಮೇಲೆ ನಂಬರಿನ ಗೋಜಲು! ಆಗ ಎರಡೂ ಕಡೆ ಒಂದರಿಂದಲೇ ಎಣಿಕೆ ಇತ್ತು. "ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಇರಿ" ಎಂದರೆ ಬಂದವರು ಒಂದು ಕಡೆ, ಕರೆದೊಯ್ಯುವವರು ಇನ್ನೊಂದು ಕಡೆ ಆಗುತ್ತಿತ್ತು.

2023ರ ಡಿಸೆಂಬರ್ 9ರಂದು ಸೆಂಟ್ರಲ್ ಕಡೆಯ ಪ್ಲಾಟ್‌ಫಾರ್ಮುಗಳ ನಂಬರು 8ರಿಂದ 14 ಆದವು; ವೆಸ್ಟರ್ನ್‌ನ 1ರಿಂದ 7 ಹಾಗೇ ಉಳಿದವು. ಬೋರ್ಡು ಬದಲಿಸುವ ಇಷ್ಟು ಕೆಲಸ ಎಂದೋ ಆಗಬೇಕಿತ್ತು. ಊರಿಂದ ಫೋನ್ ಬಂದರೆ ನಾನು ಈಗಲೂ ನಂಬರಿನ ಜೊತೆ "ಸೆಂಟ್ರಲ್ ಕಡೆ" ಎಂದು ಸೇರಿಸಿಯೇ ಹೇಳುತ್ತೇನೆ.